ಒಲೆ ಹತ್ತದ ಊರು

"ಹದಿನೇಳು!" ಅಯ್ಯೂಬ ಎರಡೂ ಕೈ ಮೇಲೆತ್ತಿ ಕೂಗಿದ. "ಮಿರ್ಚಿ ಎಲ್ಲಾ ಖಾಲಿ! ಬುಟ್ಟಿ ಬಳದು ಕೊಟ್ಟೇವಿ. ಹೌದಿಲ್ರಿ ಅಕ್ಕಾರ?"

ಇಪ್ಪತ್ತು ಮುಖದ ದಾಳ ಚಾಪೆ ದಾಟಿ ಉರುಳಿ, ಗೋಡೆಗೊರಗಿ ಜೋಳ ಹಸನು ಮಾಡುತ್ತಿದ್ದ ಅಮೃತವ್ವನ ಮೊರಕ್ಕೆ ಬಡಿದು ನಿಂತಿತ್ತು. ಮಂಜುಳಾ ಬಗ್ಗಿ ನೋಡಿದಳು. ಹದಿನೇಳೇ. ಅಷ್ಟು ದೊಡ್ಡ ಅಂಕಿ ಬಿದ್ದ ಮೇಲೆ ಇಲ್ಲ ಅನ್ನುವಂತಿರಲಿಲ್ಲ.

"ಹೌದಪಾ, ಖಾಲಿ ಆದವು," ಅಂದಳು.

"ಇದು ಆಟಾನೋ ಸಂತಿಯೋ," ಅಮೃತವ್ವ ತಲೆ ಎತ್ತದೆ ಹೇಳಿದಳು. "ನಮ್ಮ ಕಾಲಕ್ಕ ದಾಳ ಒಗದ್ರ ಕಾಯಿ ನಡೀತಿದ್ವು. ಇವ್ರು ದಾಳ ಒಗದು ಮಿರ್ಚಿ ಕರೀತಾರ."

ಹಲಗೆ ಇಲ್ಲದ, ಕಾಯಿ ಇಲ್ಲದ ಆಟ ಅದು. ಒಬ್ಬರು ಕತೆ ಹೇಳಬೇಕು. ಉಳಿದವರು ಕತೆಯೊಳಗೆ ಒಂದೊಂದು ಪಾತ್ರವಾಗಿ ಹೊಕ್ಕು, ಮುಂದೇನು ಮಾಡುತ್ತೇವೆ ಅನ್ನುವುದನ್ನು ತಾವೇ ಹೇಳಬೇಕು. ಅದು ಆಗುತ್ತದೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಬೇಸಿಗೆ ರಜೆ ಹತ್ತಿದಾಗಿನಿಂದ ಎದುರು ಮನೆಯ ಅಖ್ತರಿಯ ಮಕ್ಕಳು ನಸ್ರೀನ, ಅಯ್ಯೂಬ, ಮತ್ತು ಓಣಿಯ ಕೊನೆಯ ಮನೆಯ ಗವಿಸಿದ್ದೇಶ ಪ್ರತಿ ಐತವಾರ ಮಧ್ಯಾಹ್ನ ಮಂಜುಳಾಳ ಪಡಸಾಲೆಗೆ ಬಂದು ಕೂಡುತ್ತಿದ್ದರು. ಆಟದಲ್ಲಿ ನಸ್ರೀನ ಬಿಲ್ಲುಗಾತಿ, ಗವಿ ಕತ್ತಿ ಹಿಡಿದ ವೀರ, ಅಯ್ಯೂಬ ದೇಶಾವರಿ ವ್ಯಾಪಾರಿ. ಕಳ್ಳರ ಸುಳಿವು ಹುಡುಕುತ್ತ ಅವರು ಕರಿಕೋಟೆ ಅನ್ನುವ ಊರಿಗೆ ಬಂದದ್ದೇ ತಪ್ಪಾಯಿತು. ಹಸಿವಾಗಿದೆ, ಇಲ್ಲಿ ಮಿರ್ಚಿ ಸಿಗುತ್ತದೋ ಎಂದು ಅಯ್ಯೂಬ ಕೇಳಿದ. ಸಿಗುವುದಿಲ್ಲ ಅಂದಳು ಮಂಜುಳಾ. "ಹಂಗಾರ ನಾವ ಅಂಗಡಿ ಇಡೂಣು," ಅಂದ ಅವನು. ದಾಳ ಅವನ ಕಡೆಗೇ ಇತ್ತು. ಅಂದಿನಿಂದ ವೀರರು ಕೋಟೆ ಬಾಗಿಲಲ್ಲೇ ಕೂತಿದ್ದರು. ಕಳ್ಳರು ಕೂಡ ಬಂದು ಮಿರ್ಚಿ ತಿಂದು ಹೋಗಿದ್ದರು.

"ಅಕ್ಕಾರ," ಗವಿ ಮುಖ ಇಳಿಬಿಟ್ಟುಕೊಂಡು ಹೇಳಿದ, "ಇಂವ ನನ್ನ ಕತ್ತೀಲೆ ಉಳ್ಳಾಗಡ್ಡಿ ಹೆಚ್ಚಸಾಕತ್ತಾನ್ರಿ."

"ಮತ್ತೇನ್ ಮಾಡ್ತಿಲೇ? ಗಿರಮಿಟ್ಟಿಗೆ ಉಳ್ಳಾಗಡ್ಡಿ ಬ್ಯಾಡನು?"

"ನಾ ಏನ್ ಗಿರಮಿಟ್ ಕಲಸಾಕ ವೀರ ಆಗೇನೇನಲೇ?"

ಮಂಜುಳಾ ನಗಬಹುದಿತ್ತು. ಆದರೆ ನಸ್ರೀನ ಗೋಡೆಯ ಗಡಿಯಾರ ನೋಡುತ್ತಿದ್ದಳು. ಮೂವರಲ್ಲಿ ಅವಳೇ ದೊಡ್ಡವಳು, ಹದಿಮೂರರ ಹುಡುಗಿ. ಅವಳು ಎದ್ದರೆ ಉಳಿದಿಬ್ಬರೂ ಎದ್ದಂತೆಯೇ.

"ಅಕ್ಕಾರ, ನಾವು ಎಲ್ಲಿಗೆ ಹೊಂಟೇವ್ರಿ?" ನಸ್ರೀನ ಕೇಳಿದಳು.

"ಎಲ್ಲಿಗಂದ್ರ?"

"ಕಡೀಕ ಎಲ್ಲಿಗೆ ಹೋಗೋದು? ಏನ್ ಮಾಡೋದು?"

ಮಂಜುಳಾ ಮೊರದ ಬಳಿಯಿಂದ ದಾಳ ಎತ್ತಿಕೊಂಡಳು. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ.

"ಮುಂದಿನ ಐತವಾರ ಬರೂದು ಗ್ಯಾರಂಟಿ ಇಲ್ರಿ," ಚಾಪೆಯಿಂದ ಏಳುತ್ತ ನಸ್ರೀನ ಮೆತ್ತಗೆ ಅಂದಳು. "ಚಾಚಾನ ಮನಿಗೆ ಬಾ ಅಂದಾರ."

ಅವರು ಹೋದ ಮೇಲೆ ಪಡಸಾಲೆಯಲ್ಲಿ ಮೊರದ ಸಪ್ಪಳವೊಂದೇ ಉಳಿಯಿತು. ಗಂಡ ಸುಭಾಸ ತೀರಿಕೊಂಡು ಎರಡನೆಯ ಬೇಸಿಗೆ ಇದು. ಅತ್ತೆ ಸೊಸೆ ಇಬ್ಬರೇ. ಬೆಳಿಗ್ಗೆ ಮಿಕ್ಸರ್, ಸಂಜೆ ಟಿವಿ, ನಡುವೆ "ಉಂಡೇನವಾ?" "ಉಂಡೆರಿ" ಅನ್ನುವಷ್ಟು ಮಾತು. ಅತ್ತು ಮುಗಿದಿತ್ತು ಎಂದೂ ಹೇಳುವಂತಿರಲಿಲ್ಲ, ಏಕೆಂದರೆ ಮಂಜುಳಾ ಅತ್ತಿರಲೇ ಇಲ್ಲ. ಆದರೆ ಐತವಾರ ಮಧ್ಯಾಹ್ನ ಈ ಮೂವರು ಬಂದು ಗದ್ದಲ ಹಾಕಿ ಹೋದರೆ, ಅವತ್ತು ರೊಟ್ಟಿಗೆ ರುಚಿ ಇರುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹುಡುಗರು ಬರುವುದು ನಿಲ್ಲಬಾರದು. ಅವಳಿಗೆ ಬೇಕಾದದ್ದು ಇಷ್ಟೇ.

ಬುಧವಾರ ಮುಂಡರಗಿಯ ಕಾಲೇಜಿನಲ್ಲಿ ಕೆಲಸವಿತ್ತು. ಅತಿಥಿ ಉಪನ್ಯಾಸಕಿಗೆ ರಜೆ ಅಂದರೂ ಪೂರ್ತಿ ರಜೆಯಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ನಸ್ರೀನಳ ಪ್ರಶ್ನೆಯನ್ನೇ ತಿರುವಿ ಹಾಕಿದಳು.

ದಾಳಗಳು ಸುಭಾಸನವು. ಧಾರವಾಡದಲ್ಲಿ ಎಂ.ಎ. ಓದುವಾಗ ಕಲ್ಯಾಣನಗರದ ಅವನ ಬಾಡಿಗೆ ಕೋಣೆಯಲ್ಲಿ ಶನಿವಾರ ಶನಿವಾರ ನಾಲ್ಕೈದು ಜನ ಸೇರುತ್ತಿದ್ದರು. ಸ್ಟೌವಿನ ಮೇಲೆ ಅವಲಕ್ಕಿ, ಹೊರಗೆ ಜಿಟಿಜಿಟಿ ಮಳೆ, ನಡುವೆ ಸುಭಾಸ ಕಣ್ಣರಳಿಸಿ ಕತೆ ಹೇಳುತ್ತಿದ್ದ. ಮಂಜುಳಾ ಮೊದಲ ಸಲ ಹೋದಾಗ ತನ್ನ ಪಾತ್ರದ ಬಾಯಲ್ಲಿ ಒಂದು ಮಾತೂ ಆಡದೆ ಕೂತಿದ್ದಳು. "ನಿಮ್ಮ ಮಂತ್ರವಾದಿ ಮೌನ ಹಿಡದಾಳೇನ್ರಿ?" ಎಂದು ಅವನು ಕೇಳಿದ್ದ. ಆಮೇಲೆ ಅವಳ ಬಾಯಿ ಮುಚ್ಚಿಸುವುದೇ ಉಳಿದವರಿಗೆ ಕೆಲಸವಾಯಿತು. ಕತೆಗೆ ಮೊದಲೇ ದಾರಿ ಹಾಕಬಾರದು ಅನ್ನುತ್ತಿದ್ದ ಸುಭಾಸ. ಆಡುತ್ತ ಆಡುತ್ತ ಅದು ತಾನೇ ನಡೆಯುತ್ತದೆ. ಅವನು ಹೇಳಿದಂತೆಯೇ ಇಷ್ಟು ವಾರ ಅವಳು ನಡೆಸಿದ್ದಳು. ಆದರೆ ಆ ಕೋಣೆಯಲ್ಲಿದ್ದವರೆಲ್ಲ ಇಪ್ಪತ್ತು ದಾಟಿದವರು, ಎಲ್ಲಿಗೂ ಹೋಗದೆ ಅಲೆಯುವುದರಲ್ಲೇ ಸುಖ ಕಂಡವರು. ಆಟವನ್ನೇ ಕಾಣದ ಮಕ್ಕಳಿಗೆ ದಾರಿ ಬೇಕಿತ್ತು. ದಾರಿಗಿಂತ ಮೊದಲು ಹೋಗಿ ಮುಟ್ಟುವ ಊರು ಬೇಕಿತ್ತು.

ಅಪ್ಪ ನೆನಪಾದ. ಯಳವತ್ತಿಯ ಕುಬೇರಪ್ಪ ದೊಡ್ಡಾಟದ ಸಾರಥಿ. ಈಗ ಮೊಣಕಾಲು ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಾನೆ. ಆಗ ಬಯಲಾಟದ ರಂಗದ ಮೇಲೆ ಬೆಳತನಕ ನಿಂತೇ ಇರುತ್ತಿದ್ದ. ಒಂದೊಂದು ಪಾತ್ರವೂ ಕುಣಿಯುತ್ತ ರಂಗಕ್ಕೆ ಬಂದು ನಿಂತಾಗ ಸಾರಥಿ ಎದುರು ಹೋಗಿ ಕೇಳಬೇಕು: ತಾವು ಯಾರು? ಯಾವ ಪಟ್ಟಣದಿಂದ ಬಂದಿರಿ? ಈ ಸಭೆಗೆ ಬಂದ ಕಾರಣವೇನು? ಮಧ್ಯಾಹ್ನವಷ್ಟೇ ಅಪ್ಪನ ಕೈಯಿಂದಲೇ ಹಗ್ಗ ಇಸಿದುಕೊಂಡು ಹೋಗಿದ್ದ ಪಕ್ಕದ ಮನೆಯ ಮುತ್ತಣ್ಣ ಕಿರೀಟ ಕಟ್ಟಿಕೊಂಡು ರಾಕ್ಷಸನಾಗಿ ಬಂದರೆ, ಅಪ್ಪ ಹುಟ್ಟಿದಾರಭ್ಯ ಅವನ ಮುಖವನ್ನೇ ಕಂಡಿಲ್ಲದವನಂತೆ "ತಾವು ಯಾರು?" ಅನ್ನುತ್ತಿದ್ದ. ಮುತ್ತಣ್ಣನೂ ಅಷ್ಟೇ ಗಂಭೀರವಾಗಿ ಉತ್ತರ ಕೊಡುತ್ತಿದ್ದ. ಬಂದ ಕಾರಣ ಹೇಳದೆ ಯಾವ ಪಾತ್ರವೂ ಒಂದು ಹೆಜ್ಜೆ ಮುಂದೆ ಇಡುವಂತಿರಲಿಲ್ಲ.

ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡ ಮಂಜುಳಾ ಪ್ರತಿ ಸಲವೂ ನಡುವೆ ನಿದ್ದೆ ಹೋಗುತ್ತಿದ್ದಳು. ಬೆಳಗಾದ ಮೇಲೆ ಅಪ್ಪನ ಹೆಗಲ ಮೇಲೆ ಕೂತು ಮನೆಗೆ ಹೋಗುವಾಗ ಅವನ ಕೊರಳಿನ ಬಣ್ಣದ ವಾಸನೆ ಕುಡಿಯುತ್ತ "ಯಪ್ಪಾ, ರಾಕ್ಷಸ ಸತ್ತನೇನೋ?" ಎಂದು ಕೇಳುತ್ತಿದ್ದಳು.

"ಸಾಯ್ತಾನಂತ ಸಂಜೀಕ ಹೇಳಿದ್ನೆಲ್ಲಬೇ?"

"ಮೊದಲ ಗೊತ್ತಿದ್ರ ಮಂದಿ ಯಾಕ ಕುಂಡ್ರತಾರ?"

"ಏನಾಕ್ಕೈತಿ ಅನ್ನೂದು ಶೇಂಗಾ ಮಾರಾಂವಗೂ ಗೊತ್ತಿರಬೇಕವಾ. ಹೆಂಗ ಆಕ್ಕೈತಿ ಅನ್ನೂದಕ್ಕ ಮಂದಿ ಕುಂಡ್ರೂದು."

ಶಿರಹಟ್ಟಿ ದಾಟಿದ ಮೇಲೆ ಕಪ್ಪತಗುಡ್ಡ ಕಿಟಕಿಗೆ ಬಂತು. ಬಸ್ಸು ಹೊರಳಿದಾಗ ಹೋಯಿತು ಅಂದುಕೊಂಡರೆ ಇನ್ನೊಂದು ಕಿಟಕಿಯಲ್ಲಿ ಹಾಜರಾಯಿತು. ಎರೆಹೊಲ, ಹಳ್ಳಿ, ಮತ್ತೆ ಎರೆಹೊಲ. ಎಲ್ಲವೂ ಹಿಂದೆ ಸರಿದರೂ ಗುಡ್ಡ ಮಾತ್ರ ನಿಂತಲ್ಲೇ ಇತ್ತು. ಗಾಳಿಕಂಬಗಳು ನಿಧಾನ ತಿರುಗುತ್ತಿದ್ದವು. ಅವುಗಳ ಪಕ್ಕದಲ್ಲಿ, ಒಣಹುಲ್ಲಿಗೆ ಬೆಂಕಿ ಬಿದ್ದಿತ್ತೋ ಏನೋ, ನೂಲೆಳೆಯಂಥ ಹೊಗೆ ನೆಟ್ಟಗೆ ಮೇಲೇರುತ್ತಿತ್ತು.

ಆಟದ ಗುರಿ ಎಲ್ಲಿ ನಿಂತರೂ ಕಾಣಬೇಕು, ಅಂದುಕೊಂಡಳು ಮಂಜುಳಾ. ಮೊದಲ ದಿನವೇ ಕಾಣಬೇಕು. ಆದರೆ ಜಲ್ದಿ ಮುಟ್ಟಲು ಬರಬಾರದು. ಮನೆಗೆ ಹೋದ ಹುಡುಗನನ್ನು ಅವನ ಅವ್ವ ಏನಾಟ ಆಡಿದಿ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ಬರಬೇಕು. ಮತ್ತು ಅಯ್ಯೂಬನ ಅಂಗಡಿಯನ್ನು ಕೆಡಿಸಬಾರದು. ಅವನಿಗೆ ಜೀವಕ್ಕಿಂತ ಹೆಚ್ಚಿನದು ಅದು. ಅಂಗಡಿಯಿಂದಲೇ ದಾರಿ ಹೊರಡಬೇಕು.

ಮುಂಡರಗಿಯ ನಿಲ್ದಾಣದಲ್ಲಿ ಇಳಿಯುವಾಗ ಅವಳಿಗೆ ಗುರಿ ಸಿಕ್ಕಿತ್ತು. ಕರಿಕೋಟೆಯಲ್ಲಿ ಒಂದು ಬೆಳಿಗ್ಗೆ ಯಾವ ಒಲೆಯೂ ಹತ್ತುವುದಿಲ್ಲ. ದೂರದ ಗುಡ್ಡದ ನೆತ್ತಿಯಲ್ಲಿ ಆರದ ಬೆಂಕಿಯೊಂದಿದೆ. ಅದನ್ನು ತಂದು ಊರಿನ ಒಲೆ ಹಚ್ಚಬೇಕು. ಅಷ್ಟೇ. ಬಹಳ ದಿನಗಳ ಮೇಲೆ ಅವಳಿಗೆ ತಾನು ಏನೋ ಒಂದು ಮಾಡಿದೆ ಅನ್ನಿಸಿತು.

ಐತವಾರ ಮಧ್ಯಾಹ್ನ ಬಿಸಿಲು ಓಣಿಯನ್ನು ಬಿಕೋ ಅನ್ನಿಸಿತ್ತು. ಅವಳು ಚಾಪೆ ಹಾಸಿ, ದಾಳ ಇಟ್ಟು, ಬಾಗಿಲಿಗೆ ಮೂರು ಸಲ ಬಂದು ಹೋದಳು. ಅಮೃತವ್ವ ನೋಡಿಯೂ ನೋಡದವಳಂತೆ ಮೊರ ತಂದು ತನ್ನ ಜಾಗದಲ್ಲಿ ಕೂತಳು. ಕೊನೆಗೆ ಗವಿ ಬಂದ. ಅವನ ಹಿಂದೆ ಅಯ್ಯೂಬ. ಎಲ್ಲರಿಗಿಂತ ಹಿಂದೆ ನಸ್ರೀನ, ಹೊಸ ಓಢಣಿ ಹೊದ್ದು.

"ಚಾಚಾನ ಮನಿಗೆ ಹೋಗೋದೈತ್ರಿ. ಅರ್ಧಾ ತಾಸು ಅಷ್ಟ," ಅಂದಳು.

ಮಂಜುಳಾ ಕೂಡಲಿಲ್ಲ. ಅವರೆದುರು ಸೊಂಟದ ಮೇಲೆ ಕೈ ಇಟ್ಟು ನಿಂತು, ಅಪ್ಪನ ದನಿ ತೆಗೆದು ಕೇಳಿದಳು: "ನಿಲ್ಲಿರಿ! ತಾವು ಯಾರು? ಯಾವ ಪಟ್ಟಣದಿಂದ ಬಂದಿರಿ? ಇಲ್ಲಿಗೆ ಬಂದ ಕಾರಣವೇನು?"

ಗವಿ ಬೆಚ್ಚಿ ಎದ್ದು ನಿಂತ. "ನಾ ವೀರ... ಬಂದ ಕಾರಣ... ಏ, ಏನಲೇ ಬಂದ ಕಾರಣ?"

"ಮಿರ್ಚಿ," ಅಂದ ಅಯ್ಯೂಬ.

ನಸ್ರೀನ ಓಢಣಿಯಲ್ಲಿ ಬಾಯಿ ಮುಚ್ಚಿ ನಕ್ಕಳು. ಅಮೃತವ್ವನ ಮೊರವೂ ಒಂದು ಗಳಿಗೆ ನಿಂತಿತು.

"ಆತು, ಮಿರ್ಚಿ," ಮಂಜುಳಾ ಕೂತಳು. "ಮುಂಜಾನೆದ್ದು ಅಂಗಡಿ ತಗದೀರಿ. ಹಿಟ್ಟು ಕಲಸಿ ಆತು, ಮೆಣಸಿನಕಾಯಿ ಸೀಳಿ ಆತು. ಒಲಿ ಹಚ್ಚಾಕ ಹ್ವಾದ್ರಿ. ಹತ್ತವಲ್ದು. ಬಾಜೂ ಮನಿಗೆ ಹ್ವಾದ್ರಿ, ಅವರದೂ ಹತ್ತವಲ್ದು. ಅರಮನ್ಯಾಗ ಇಲ್ಲ, ಗುಡಿಸಲದಾಗ ಇಲ್ಲ. ಇಡೀ ಕರಿಕೋಟ್ಯಾಗ ಒಂದ ಒಲೀನೂ ಹತ್ತವಲ್ದು."

ಗವಿ ಮತ್ತು ಅಯ್ಯೂಬ ಮುಖ ಮುಖ ನೋಡಿಕೊಂಡರು. ಗವಿ ದನಿ ತಗ್ಗಿಸಿದ.

"ಯಾರು ಸತ್ತಾರ್ರಿ?"

ಮಂಜುಳಾಳಿಗೆ ತಿಳಿಯಲಿಲ್ಲ. "ಯಾರೂ ಸತ್ತಿಲ್ಲ."

"ಮತ್ತ ಒಲಿ ಯಾಕ ಹಚ್ಚಿಲ್ಲ?"

"ಹಚ್ಚಿಲ್ಲ ಅಲ್ಲೋ, ಹತ್ತವಲ್ದು."

"ಯಾರರ ಸತ್ತಿರಬೇಕ್ರಿ. ಇಲ್ಲಾಂದ್ರ ಯಾರ ಮನ್ಯಾಗೂ ಒಲಿ ಬಂದ್ ಇರಂಗಿಲ್ಲ," ಗವಿ ಗೊತ್ತಿರುವ ಮಾತು ಹೇಳುವವನಂತೆ ಹೇಳಿದ. "ನಮ್ಮಜ್ಜ ಸತ್ತಾಗ ಮಣ್ಣು ಮುಗಿಯೂತನಾ ಹಚ್ಚಿರಲಿಲ್ಲ."

"ನಿಮ್ಮ ಮನ್ಯಾಗೂ ಅಣ್ಣಾರು ಹ್ವಾದಾಗ ಹಚ್ಚಿರಲಿಲ್ಲಲ್ರಿ," ಅಂದ ಅಯ್ಯೂಬ. "ನಾನೂ ಅಮ್ಮಿ ಕೂಡ ಬಂದಿದ್ದೆ. ದೊಡ್ಡ ಥರ್ಮಾಸಿನ್ಯಾಗ ಚಾ ತಂದಿದ್ವಿ. ಆಯಿ ಕುಡದ್ರು. ನೀವು ಕುಡೀಲಿಲ್ಲ. ಕಪ್ಪು ಹಂಗ..."

ನಸ್ರೀನ ಅವನ ತೊಡೆಗೆ ಚಿವುಟಿದಳು. ಅವನು "ಆಂ" ಎಂದು ಸುಮ್ಮನಾದ.

ಮಂಜುಳಾಳಿಗೆ ಅಂಥ ಚಹಾದ ಕಪ್ಪು ನೆನಪಿರಲಿಲ್ಲ. ಆ ದಿನ ಮನೆ ತುಂಬ ಚಪ್ಪಲಿ ಇದ್ದದ್ದು ನೆನಪಿತ್ತು, ಯಾರೋ ಫ್ಯಾನು ಹಾಕಿರಿ ಅಂದದ್ದು ನೆನಪಿತ್ತು. ಎದುರಿಗೆ ಚಹಾ ಹಿಡಿದುಕೊಂಡು ಅಯ್ಯೂಬ ನಿಂತಿದ್ದನೆ? ಎಷ್ಟು ಹೊತ್ತು? ಬಸ್ಸಿನಲ್ಲಿ ಗುಡ್ಡ ನೋಡಿದಳು, ಹೊಗೆ ನೋಡಿದಳು. ಒಲೆ ಹತ್ತದ ಊರು ಎಂದು ತಾನೇ ಹೇಳಿಕೊಂಡಳು. ಓಣಿಯ ಹುಡುಗರಿಗೆಲ್ಲ ಗೊತ್ತಿದ್ದದ್ದು ತನಗೆ ಹೊಳೆಯಲಿಲ್ಲ.

ಕಟ್ಟಿಗೆ ಹಸಿ ಅದಾವ ಅಂದುಬಿಡಬಹುದಿತ್ತು. ಮಾಟಗಾತಿ ಅಂದುಬಿಡಬಹುದಿತ್ತು. ಹಾಗಂದರೆ ಅಯ್ಯೂಬ ಒಣ ಕಟ್ಟಿಗೆ ಕೊಂಡು ತರುತ್ತಾನೆ, ಮತ್ತೆ ಅಂಗಡಿ ಶುರುವಾಗುತ್ತದೆ, ಅರ್ಧ ತಾಸಿಗೆ ನಸ್ರೀನ ಏಳುತ್ತಾಳೆ.

"ಹೇಳವಾ," ಗೋಡೆಯ ಕಡೆಯಿಂದ ಅಮೃತವ್ವನ ದನಿ ಬಂತು. ಮೊರ ನೆಲದ ಮೇಲಿತ್ತು. "ಯಾರು ಸತ್ತಾರಂತ ಕೇಳಾಕತ್ತಾವಲ್ಲ ಹುಡುಗ್ರು."

ಮಂಜುಳಾ ದಾಳವನ್ನು ಕೈಗೆತ್ತಿಕೊಂಡಳು, ಹಾಗೇ ಮುಷ್ಟಿಯಲ್ಲಿ ಹಿಡಿದಳು.

"ಒಬ್ಬಾಂವ ಸತ್ತಾನ," ಅಂದಳು. "ಕೋಟಿ ಬಾಗಲಾ ಕಾಯ್ತಿದ್ದಾಂವ."

"ನಮ್ಮ ಅಂಗಡಿ ಬಾಜೂಕ ನಿಂದರತಿದ್ನಲ್ರಿ, ಅಂವನ?" ಅಯ್ಯೂಬನ ಕಣ್ಣು ದೊಡ್ಡವಾದವು. "ಅಂವಗ ನಾ ಸುಮ್ಕ ಮಿರ್ಚಿ ಕೊಡ್ತಿದ್ದೆ!"

"ಮುದುಕ ಏನ್ರಿ?" ಗವಿ ಕೇಳಿದ.

"ಅಲ್ಲ. ವಯಸ್ಸು ಭಾಳ ಆಗಿದ್ದಿಲ್ಲ."

"ಹೆಸರೇನ್ರಿ?"

"ಹೆಸರ ಬ್ಯಾಡ ಬಿಡೋ," ನಸ್ರೀನ ಥಟ್ಟನೆ ಅಂದಳು. ಓಢಣಿ ತೆಗೆದು ಮಡಚಿ ಪಕ್ಕಕ್ಕಿಟ್ಟು, ಚಾಪೆಯ ಮೇಲೆ ಮುಂದಕ್ಕೆ ಸರಿದು ಕೂತಳು. "ಅವನ ಮನ್ಯಾಗ ಯಾರದಾರ್ರಿ?"

"ಅವ್ವ ಅದಾಳ," ಅಂದಳು ಮಂಜುಳಾ. "ಹೇಂತಿ ಅದಾಳ."

ಹೊರಗೆ ಓಣಿಯಲ್ಲಿ ಐಸ್‌ಕ್ರೀಮಿನ ಗಾಡಿ ಗಂಟೆ ಬಾರಿಸುತ್ತ ಹೋಯಿತು. ಅಯ್ಯೂಬ ಕೂಡ ಅತ್ತ ಹೊರಳಲಿಲ್ಲ.

"ಆ ಮನೀ ಒಲಿ ಹತ್ತಿದ್ರ ಊರಿನ ಒಲಿ ಎಲ್ಲಾ ಹತ್ತತಾವ," ಮಂಜುಳಾ ನಿಧಾನವಾಗಿ ಹೇಳಿದಳು. ಬುಧವಾರ ಸಿದ್ಧ ಮಾಡಿಟ್ಟ ಮಾತಾಗಿರಲಿಲ್ಲ ಅದು. "ಆದ್ರ ಊರ ಒಳಗಿನ ಬೆಂಕೀಲೆ ಅದು ಹತ್ತೂದಿಲ್ಲ. ಬಾಗಲದಾಗ ನಿಂತು ನೋಡ್ರಿ, ದೂರ ಗುಡ್ಡ ಕಾಣತೈತಿ. ಅದರ ನೆತ್ತಿ ಮ್ಯಾಲ ಬೆಂಕಿ ಐತಿ. ಅದನ್ನ ತರಬೇಕು."

"ಲೈಟರ್ ಇಲ್ಲೇನ್ರಿ?"

"ಆ ಕಾಲಕ್ಕ ಲೈಟರ್ ಎಲ್ಲೀದು?"

"ಮಿರ್ಚಿ ಇತ್ತಲ್ರಿ ಮತ್ತ?"

"ಸುಮ್ ಕುಂದರಲೇ," ಗವಿ ಅಯ್ಯೂಬನ ಬೆನ್ನಿಗೊಂದು ಕೊಟ್ಟ. "ಹೋಗಾಕ ಎಷ್ಟು ದಿನ ಹಿಡೀತೈತ್ರಿ ಅಕ್ಕಾರ?"

"ರಜಾ ಮುಗಿಯೂತನ."

"ಬರಾಕ?"

"ಬರೂದು ಬ್ಯಾರೆ. ಶಾಲಿ ಶುರು ಆದ ಮ್ಯಾಲೂ ಬರಬೇಕಾಕ್ಕೈತಿ."

ನಸ್ರೀನ ಬಾಗಿಲ ಕಡೆ ನೋಡಿದಳು, ಅಲ್ಲಿಂದ ನಿಜವಾಗಿ ಗುಡ್ಡ ಕಾಣುತ್ತದೋ ಅನ್ನುವಂತೆ. "ಬೆಂಕಿ ತಂದು, ಸತ್ತವರ ಮನೀ ಒಲಿ ಹಚ್ಚೋದು," ತನಗೆ ತಾನೇ ಹೇಳಿಕೊಂಡಳು. ಆಮೇಲೆ ತಮ್ಮನ ಕಡೆ ತಿರುಗಿ, "ಅಂಗಡಿ?"

ಅಯ್ಯೂಬ ಇಲ್ಲದ ಕದವೊಂದನ್ನು ಎಳೆದಂತೆ ಕೈ ಮಾಡಿದ.

"ಬಾಗಲಾ ಹಾಕೂಣು," ಅಂದ. "ಕೀಲಿ ನನ್ನ ಕಡೆ ಇರ್ಲಿ."

ದಾರಿಯ ಮಾತು ಶುರುವಾಯಿತು. ಬೆಂಕಿಯನ್ನು ತರುವುದು ಯಾವುದರಲ್ಲಿ? ಗಡಿಗೆಯಲ್ಲಿ ಅಂದ ಗವಿ. ಮುಚ್ಚಿದರೆ ಆರುತ್ತದೆ ಅಂದಳು ನಸ್ರೀನ. ದೊಂದಿ ಮಾಡೋಣ, ಎಣ್ಣೆ ನಮ್ಮ ಅಂಗಡಿಯಲ್ಲೇ ಇದೆ ಅಂದ ಅಯ್ಯೂಬ. ಅಷ್ಟು ದಾರಿಗೆ ಎಣ್ಣೆ ಸಾಲುವುದಿಲ್ಲ ಎಂದು ಇಬ್ಬರೂ ಅವನ ಮೇಲೆ ಬಿದ್ದರು. ಅಮೃತವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ಬಂದು ಚಾಪೆಯ ಅಂಚಿಗೆ ಕೂತಳು.

"ಕೈಯಾಗ ತರಬೇಕಲೇ ಬೆಂಕೀನ," ಅಂದಳು. "ನಾ ಸಣ್ಣಾಕಿದ್ದಾಗ ಬಾಳೆಹೊಸೂರಾಗ ಕಡ್ಡಿಪೆಟಗಿ ಯಾರ ಮನ್ಯಾಗಿತ್ತು? ನಮ್ಮವ್ವ ಮುಂಜಾನೆದ್ದು ಕಳಸ್ತಿದ್ಲು, ಮಾಸುಮಬಿ ಮನಿಗೆ ಹೋಗಿ ಬೆಂಕಿ ಇಸಗೊಂಡು ಬಾ ಅಂತ. ಅಕಿ ಒಲಿ ಎಲ್ಲಾರಕಿಂತ ಮೊದಲ ಹತ್ತತಿತ್ತು. ಕುಳ್ಳಿನ ತುಂಡಿನ ಮ್ಯಾಲ ಒಂದು ಕೆಂಡ ಇಟ್ಟು, ಮ್ಯಾಲ ಚೂರ ಬೂದಿ ಉದರಸ್ತಿದ್ಲು. ಹಿಂಗ ಹಿಡೀಬೇಕು, ನೋಡು." ಅವಳು ಎರಡೂ ಕೈ ಬೊಗಸೆ ಮಾಡಿ ಎದೆಯ ಹತ್ತಿರ ತಂದಳು. ಸುಕ್ಕುಗಟ್ಟಿದ ಬೆರಳುಗಳು ಒಂದರ ಮೇಲೊಂದು ಗೂಡಿನಂತೆ ಮಡಿಚಿಕೊಂಡವು. "ಗಾಳಿ ಬಂದ ಕಡೆ ಬೆನ್ನು. ಓಡಿದ್ರ ಉರದು ಕೈ ಸುಡತೈತಿ. ನಿಂತ್ರ ಆರತೈತಿ. ಒಂದ ಸಮ ನಡೀಬೇಕು."

"ಕೈ ಸುಟ್ಟಿತ್ತೇನ್ರಿ ಆಯಿ?"

"ಸುಡದ ಬಿಡತೈತೇನು? ಅಳಕೋತ ಬರ್ತಿದ್ದೆ. ಕೆಂಡ ಮಾತ್ರ ಕೆಡವತಿದ್ದಿಲ್ಲ."

ಎರಡು ವರ್ಷದಲ್ಲಿ ಅವಳು ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಮಂಜುಳಾ ಕೇಳಿರಲಿಲ್ಲ. ಹುಡುಗರು ಅವಳ ಕೈಗಳನ್ನು ನೋಡಿ ತಮ್ಮ ಕೈ ಮಡಿಚಿದರು. ಅಮೃತವ್ವ ಒಬ್ಬೊಬ್ಬರ ಬೆರಳನ್ನೂ ಹಿಡಿದು ಸರಿ ಮಾಡಿದಳು; ಸಂದು ಬಿಟ್ಟರೆ ಗಾಳಿ ಹೋಗುತ್ತದೆ ಎಂದು ಗದರಿದಳು. ಆಮೇಲೆ, ಏನು ಅನ್ನಿಸಿತೋ, ಮಂಜುಳಾಳ ಕೈಯಿಂದ ದಾಳ ತೆಗೆದಿರಿಸಿ ಅವಳ ಬೆರಳುಗಳನ್ನೂ ಹಾಗೆಯೇ ಕೂಡಿಸಿದಳು. ಮುದುಕಿಯ ಅಂಗೈ ಬೆಚ್ಚಗಿತ್ತು, ಜೋಳದ ಹೊಟ್ಟಿನಿಂದ ಒರಟಾಗಿತ್ತು. ಮಂಜುಳಾಳ ಕಣ್ಣು ಉರಿದವು. ಅವಳು ಅವನ್ನು ಒರೆಸಿಕೊಳ್ಳಲಿಲ್ಲ.

ಅರ್ಧ ತಾಸು ಎಂದೋ ಮುಗಿದಿತ್ತು. ಅಖ್ತರಿ ಎದುರಿನ ಕಟ್ಟೆಯ ಮೇಲೆ ನಿಂತು "ನಸ್ರೀನ, ಚಾಚಾನ ಫೋನು ಬಂದೈತಿ" ಎಂದು ಎರಡು ಸಲ ಕೂಗಿದ ಮೇಲೆ ಮೂವರೂ ಎದ್ದರು. ಕೈ ಬಿಡಿಸಲಿಲ್ಲ. ಹೋಗುವಾಗಲೂ ಅಭ್ಯಾಸ ಮಾಡಬೇಕೆಂದು ಗವಿ ಹುಕುಂ ಮಾಡಿದ್ದ.

"ಬಾಗಲಾ ತಗೀರಿ ಅಕ್ಕಾರ," ಅಂದ ಅಯ್ಯೂಬ. "ಕೈ ಖಾಲಿ ಇಲ್ಲ."

ಮಂಜುಳಾ ಹೋಗಿ ಕದ ಹಿಡಿದು ನಿಂತಳು. ಮೂವರೂ ಅಡ್ಡಡ್ಡ ಹೊರಳಿ ಹೊಸ್ತಿಲು ದಾಟಿ ಓಣಿಗಿಳಿದರು. ಓಡಲಿಲ್ಲ, ನಿಲ್ಲಲೂ ಇಲ್ಲ. ಅಷ್ಟರಲ್ಲಿ ಮೂಲೆಯಿಂದ ಒಂದು ಮೋಟರ್ ಸೈಕಲ್ಲು ಧೂಳೆಬ್ಬಿಸುತ್ತ ಬಂತು. ಮೂವರೂ ಒಮ್ಮೆಲೇ ಅದಕ್ಕೆ ಬೆನ್ನು ತಿರುಗಿಸಿ, ಕೈಯ ಮೇಲೆ ಬಗ್ಗಿ ನಡೆಯತೊಡಗಿದರು.